ಹುಲಿಗಳ ವಂಶದ ರೀತಿ

ಕಾಡಿನ ಎಳೆಯರ ಫುಟ್‌ಬಾಲ್ ತಂಡಕ್ಕೆ ಮರಿಗಳನ್ನು ಆರಿಸುವ ದಿನ ಹುಲಿಯಪ್ಪ ತನ್ನ ಮಗನನ್ನು ಕರೆತಂದು ಎದೆಯುಬ್ಬಿಸಿ ನಿಂತ. ಆರಿಸುವವಳು ಮುದಿ ಸೀಳುನಾಯಿ.

"ಪಂಜದ ಅಗಲ ನೋಡಿದಿರಾ, ಅಮ್ಮ?" ಎಂದ ಹುಲಿಯಪ್ಪ.

"ಪಂಜ ಎಲ್ಲರಿಗೂ ಬೆಳೆಯುತ್ತದೆ ಬಿಡಪ್ಪ. ಆಡಲಿ, ನೋಡೋಣ," ಎಂದಳು ಅವಳು.

ಆಟ ಶುರುವಾದ ಕೂಡಲೇ ಪುಟ್ಟ ಮೊಲವೊಂದು ಹುಲಿಮರಿಯ ಕಾಲಿನಿಂದ ಚೆಂಡು ಕಸಿದುಕೊಂಡು ಓಡಿತು. ಹುಲಿಯಪ್ಪನ ಮುಖ ಸಣ್ಣಗಾಯಿತು. ಆದರೆ ಹುಲಿಗಳಲ್ಲಿ ಇಂಥದ್ದಕ್ಕೂ ಒಂದು ರೀತಿಯುಂಟು. ನೆಗೆತ ತಪ್ಪಿದರೆ ಮತ್ತೆ ಅಟ್ಟುವುದಿಲ್ಲ. ಹಸಿವೇ ಇರಲಿಲ್ಲವೆಂಬಂತೆ ಮುಖ ತಿರುಗಿಸಿ ಗತ್ತಿನಿಂದ ನಡೆದುಬಿಡಬೇಕು. ಮಗ ಅಷ್ಟಾದರೂ ಮಾಡಲಿ ಎಂದು ಅವನು ಕಾದ.

ಮಗ ಅದನ್ನೂ ಮಾಡಲಿಲ್ಲ. ಬಿದ್ದು, ಎದ್ದು, ಮೈಯೆಲ್ಲ ಮಣ್ಣು ಮಾಡಿಕೊಂಡು, ಬಯಲಿನ ಆ ತುದಿಯವರೆಗೂ ಮೊಲವನ್ನು ಅಟ್ಟಿ ಚೆಂಡನ್ನು ವಾಪಸು ತಂದ. ಹುಲಿಯಪ್ಪ ನಾಚಿ ಕಣ್ಣು ಮುಚ್ಚಿಕೊಂಡ.

"ಮೊದಲು ಇವನನ್ನೇ ತೆಗೆದುಕೊಂಡೆ," ಎಂದಳು ಸೀಳುನಾಯಿ. "ಒದೆಯುವುದನ್ನು ನಾನು ಕಲಿಸಬಲ್ಲೆ. ಕಳೆದುಕೊಂಡ ಚೆಂಡಿನ ಹಿಂದೆ ಓಡುವ ಮನಸ್ಸನ್ನು ಕಲಿಸಲಾರೆ. ಇವನಿಗೆ ಇದನ್ನು ಯಾರಪ್ಪ ಹೇಳಿಕೊಟ್ಟಿದ್ದು?"

ಹುಲಿಯಪ್ಪ ಕಣ್ಣು ತೆರೆದ. ನಿಧಾನವಾಗಿ ಮೀಸೆ ನೇವರಿಸಿಕೊಂಡು, "ಅದು ನಮ್ಮ ವಂಶದಲ್ಲೇ ಬಂದದ್ದು, ಅಮ್ಮ," ಎಂದ.