ಪಂಜರದ ಗೌಜಲಹಕ್ಕಿಯ ಕೂಗು

ಬೇಟೆಗಾರನೊಬ್ಬ ಗೌಜಲಹಕ್ಕಿಯೊಂದನ್ನು ಮರಿಯಿಂದ ಸಾಕಿ, ಕಾಡಿನ ಗೌಜಲಹಕ್ಕಿಗಳನ್ನು ಕೂಗಿ ಕರೆಯಲು ಪಳಗಿಸಿದ್ದ. ಬೆಳಗ್ಗೆ ಅದರ ಪಂಜರವನ್ನು ಹುರುಳಿ ಹೊಲದ ಅಂಚಿನಲ್ಲಿಟ್ಟು, ಸುತ್ತ ಬಲೆ ಹಾಸಿ, ಪೊದೆಯ ಹಿಂದೆ ಕೂರುತ್ತಿದ್ದ. ಸಾಕುಹಕ್ಕಿಗೆ ತನ್ನ ಗಂಟಲಿನ ಬಗ್ಗೆ ಬಹಳ ಹೆಮ್ಮೆ.

ಒಂದು ದಿನ ಅದರ ಕೂಗಿಗೆ ಓಗೊಟ್ಟು ಬಂದ ತಾಯಿಹಕ್ಕಿಯೊಂದು ಬಲೆಗೆ ಸಿಕ್ಕಿತು.

“ಬಾ ಎಂದು ಕರೆದವನು ನೀನೇ ಏನಪ್ಪಾ?” ಎಂದು ಅದು ಕೇಳಿತು.

“ಕಾಳಿದೆ ಎಂದೆ, ಕಾಳು ಇದೆಯಲ್ಲಮ್ಮ. ನಾನೇನು ಸುಳ್ಳು ಹೇಳಿದೆ? ಮೋಸ ಮಾಡಿದ್ದು ಬಲೆ.”

“ಬಲೆಗೆ ನಮ್ಮ ಮಾತು ಬರುತ್ತದೆಯೇ? ನಮ್ಮವನ ದನಿ ಎಂದು ನಂಬಿ ಬಂದೆ. ಅಗೋ, ನನ್ನ ಮರಿಗಳು ಬೇಲಿಯ ಬಳಿ ನಿಂತಿವೆ. ಅವನ್ನೂ ಕರೆದುಬಿಡು, ನಿನ್ನ ಜಾಣತನ ನೋಡೋಣ.”

ಸಾಕುಹಕ್ಕಿ ಬೇಲಿಯತ್ತ ತಿರುಗಿ ಮರಿಗಳನ್ನು ನೋಡಿತು. ಬೇಟೆಗಾರ ಪೊದೆಯ ಹಿಂದಿನಿಂದ ಕೋಲು ಚಾಚಿ ಪಂಜರಕ್ಕೆ ತಟ್ಟಿದ. “ಕೂಗೋ, ನನ್ನ ಮುದ್ದು!”

ಹಕ್ಕಿ ಕತ್ತೆತ್ತಿ ಕೂಗಿತು: “ಓಡಿ ಮಕ್ಕಳೇ, ಇಲ್ಲಿ ಬಲೆಯಿದೆ!” ಮರಿಗಳು ಪುರ್ರನೆ ಹಾರಿ ಮರೆಯಾದವು.

ಬೇಟೆಗಾರ ಓಡಿಬಂದು ಪಂಜರವನ್ನು ಜಾಡಿಸಿದ. “ಕಾಳು ಹಾಕಿ ಸಾಕಿದ ನನಗೇ ಮೋಸ ಮಾಡಿದೆಯಾ?”

“ಇಲ್ಲಯ್ಯ, ಇಷ್ಟು ದಿನ ಮಾಡಿದ್ದು ಮೋಸ. ಇವತ್ತು ಅದನ್ನು ಬಿಟ್ಟೆ. ಬೇಕಾದರೆ ಕಾಳು ನಿಲ್ಲಿಸು, ಕತ್ತು ಮುರಿ. ಗಂಟಲಿರುವ ತನಕ ಇನ್ನು ಇದೊಂದೇ ಕೂಗು” ಎಂದ ಹಕ್ಕಿ ಮತ್ತೆ ಕೂಗತೊಡಗಿತು. ಬಲೆಯೊಳಗಿಂದ ತಾಯಿಹಕ್ಕಿಯೂ ದನಿಗೂಡಿಸಿತು.