ತಂತಿಗೆ ಹಾಲೆರೆದ ಮುಳ್ಳುಹಂದಿ

ಒಂದು ಕಾಡಿನಲ್ಲಿ, ಆಲದ ಮರದ ಬುಡದಲ್ಲಿ, ನಾಜೂಕಯ್ಯ ಎಂಬ ನರಿಯ ಮನೆಯಿತ್ತು. ಮುಂದೆ ಜಗಲಿ, ನಡುವೆ ಅಂಗಳ, ಹಿಂದೆ ಒಂದು ಬಿಲ. ಜಗಲಿಯ ಕಡೆ ನಾಜೂಕಯ್ಯನೇ ಇದ್ದ. ಹಿಂದಿನ ಬಿಲವನ್ನು ಚೂಪಮ್ಮ ಎಂಬ ಮುಳ್ಳುಹಂದಿಗೆ ಬಾಡಿಗೆಗೆ ಕೊಟ್ಟಿದ್ದ. ಅಂಗಳದ ನಡುವೆ ಒಂದು ಹಳೆಯ ಹುತ್ತವಿತ್ತು. ಈ ಹುತ್ತವನ್ನು ಮರೆಯಬೇಡಿ ಮಕ್ಕಳೇ, ಕಥೆಯೆಲ್ಲ ಅದರ ಹೊಟ್ಟೆಯಲ್ಲೇ ಇದೆ.

ಚೂಪಮ್ಮ ಮರಿಗಳಿಗೆ ಮಗ್ಗಿ ಕಲಿಸುವವಳು. ಒಳ್ಳೆಯ ಟೀಚರೇ. ಆದರೆ ಮುಳ್ಳುಹಂದಿಯ ಪಕ್ಕದಲ್ಲಿ ಮರಿಯನ್ನು ಕೂರಿಸಲು ಯಾವ ತಾಯಿಗೆ ಧೈರ್ಯ ಬರುತ್ತದೆ? ಹಾಗಾಗಿ ಅವಳು ಬಿಲದಲ್ಲೇ ಕೂತು, ಕಂಪ್ಯೂಟರಿನಲ್ಲಿ ಮುಖ ತೋರಿಸಿ ಪಾಠ ಹೇಳುತ್ತಿದ್ದಳು. ಆ ಕಾಡಿಗೂ ಇಂಟರ್ನೆಟ್ ಬಂದಿತ್ತು. ಬರಬಾರದ್ದೆಲ್ಲ ಬಂದ ಮೇಲೆ ಅದೊಂದು ಬಾರದೆ ಇರುತ್ತದೆಯೇ?

ರಸ್ತೆಯ ಆಚೆ ಕೆಂಚಪ್ಪ ಕರಡಿಯ ಜೇನಿನ ಅಂಗಡಿಯಿತ್ತು. ಇಂಟರ್ನೆಟ್ಟಿನ ಪೆಟ್ಟಿಗೆ ಇದ್ದದ್ದು ಅಲ್ಲಿ. ದುಡ್ಡು ಕಟ್ಟಿದವರ ಮನೆಗೆ ಅಲ್ಲಿಂದ ಕೇಬಲ್ ಹೋಗುತ್ತಿತ್ತು. ಮಣ್ಣಿನ ಬಿಲದೊಳಕ್ಕೆ ವೈಫೈ ನುಗ್ಗುವುದಿಲ್ಲವೆಂದು ಚೂಪಮ್ಮ ತನ್ನ ಸ್ವಂತ ಖರ್ಚಿನಲ್ಲಿ ಒಳ್ಳೆಯ ಕೇಬಲ್ ಎಳೆಸಿಕೊಂಡಿದ್ದಳು. ಅದರೊಳಗೆ ಬಣ್ಣಬಣ್ಣದ ಎಂಟು ಎಳೆಗಳು. ಎಂಟೂ ಸೇರಿ ದುಡಿದರೆ ಪಾಠ ಜಿಂಕೆಯ ಹಾಗೆ ಓಡುತ್ತಿತ್ತು. ಆ ಕೇಬಲ್ ಅಂಗಳದ ಹುತ್ತದ ಪಕ್ಕೆಯನ್ನು ತೂರಿಕೊಂಡು ಬಿಲಕ್ಕೆ ಬಂದಿತ್ತು. ಆಗ ಅದು ಬರೀ ಮಣ್ಣಿನ ಗುಡ್ಡೆ. ನಾಗಪ್ಪ ಗೀಗಪ್ಪ ಯಾರೂ ಇರಲಿಲ್ಲ.

ನಾಜೂಕಯ್ಯನಿಗೂ ಇಂಟರ್ನೆಟ್ ಬೇಕಿತ್ತು, ದುಡ್ಡು ಕಟ್ಟುವುದು ಮಾತ್ರ ಬೇಕಿರಲಿಲ್ಲ. ಒಂದು ಬೆಳಿಗ್ಗೆ ಚೂಪಮ್ಮ ಗೆಣಸು ತರಲು ಹೋದಾಗ ಅವನು ಹುತ್ತ ಬಗೆದು ಕೇಬಲ್ ಕತ್ತರಿಸಿದ. ತಿಪ್ಪೆಯಲ್ಲಿ ಸಿಕ್ಕಿದ, ತಂತಿ ಹಂಚುವ ಹಳೆಯ ಡಬ್ಬಿಯೊಂದನ್ನು ನಡುವೆ ಕೂರಿಸಿದ. ಬಂದದ್ದು ಒಂದು ತಂತಿ, ಹೋದದ್ದು ಎರಡು. ಒಂದು ಚೂಪಮ್ಮನ ಬಿಲಕ್ಕೆ, ಇನ್ನೊಂದು ನಾಜೂಕಯ್ಯನ ಹಾಸಿಗೆಯ ಪಕ್ಕಕ್ಕೆ. ಕದಿಯುವಾಗಲಾದರೂ ನೆಟ್ಟಗೆ ಕದಿಯಬಾರದೇ? ಎಂಟು ಎಳೆ ಸೇರಿಸಲು ಸೋಮಾರಿತನ. ನಾಲ್ಕನ್ನು ಹಲ್ಲಿನಲ್ಲಿ ಕಚ್ಚಿ ತಿರುಚಿ, ಉಳಿದ ನಾಲ್ಕನ್ನು ಹಾಗೇ ಬಿಟ್ಟು ಮಣ್ಣು ಮುಚ್ಚಿದ. ಅಂದಿನಿಂದ ಹಾಸಿಗೆಯಲ್ಲಿ ಬಿದ್ದುಕೊಂಡು ದಿನವಿಡೀ ಕುಸ್ತಿ ನೋಡತೊಡಗಿದ. ನಿನಗೆಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ದೊಡ್ಡವರಿಗೆ ಗಾಳಿಯಲ್ಲೇ ಬರುತ್ತದೆ ಎನ್ನುತ್ತಿದ್ದ. ದೊಡ್ಡವರ ವಿಷಯ ನಮಗೇಕೆ ಎಂದು ಎಲ್ಲರೂ ಸುಮ್ಮನಾದರು.

ಇತ್ತ ಚೂಪಮ್ಮನ ಪಾಠ ತೆವಳತೊಡಗಿತು. ಅವಳು ಬಾಯಿ ತೆರೆದರೆ ಪರದೆಯಲ್ಲಿ ಬಾಯಿ ತೆರೆದೇ ಇರುತ್ತಿತ್ತು. "ಎರಡು ಮೂರ್ಲಿ ಆರು, ಎರಡು ನಾಕ್ಲಿ ಎಂಟು" ಎಂದು ಅವಳು ಹೇಳಿದರೆ ತಂತಿ ನಡುವಿನ ಮಾತನ್ನು ನುಂಗಿ, ಮರಿಗಳಿಗೆ "ಎರಡು ಮೂರ್ಲಿ ಎಂಟು" ಎಂದು ಕೇಳಿಸುತ್ತಿತ್ತು. ಮರಿಗಳು ಅದನ್ನೇ ಬಾಯಿಪಾಠ ಮಾಡಿದವು. ಕೆಂಚಪ್ಪನ ಮರಿ ಅಂಗಡಿಯಲ್ಲಿ ಕೂತು ಅದೇ ಲೆಕ್ಕದಲ್ಲಿ ಆರರ ಬದಲು ಎಂಟು ಜೇನುಹಲ್ಲೆ ಕೊಟ್ಟುಬಿಟ್ಟಿತು. ತಗೊಂಡವರು ತುಟಿ ಬಿಚ್ಚದೆ ಮನೆಗೆ ಹೋದರು.

ಕೆಂಚಪ್ಪ ಬಿಲದ ಬಾಗಿಲಿಗೇ ಬಂದ. ಕೂಗಾಡಲಿಲ್ಲ, ಕೈ ಮುಗಿದೇ ಮಾತಾಡಿದ. "ಟೀಚರ್, ನಿಮ್ಮ ಪಾಠ ನನ್ನ ಅಂಗಡಿ ಮುಚ್ಚಿಸ್ತದೆ. ಹುಣ್ಣಿಮೆ ಕಳೆದ ಮಾರನೇ ದಿನ ನಾವೆಲ್ಲ ಕೂತು ಪಾಠ ನೋಡ್ತೀವಿ. ಆವತ್ತೂ ಹಿಂಗೇ ಆದ್ರೆ ಮರಿಗಳನ್ನ ಆಚೆ ಗುಡ್ಡದ ಗಿಳಿ ಹತ್ರ ಸೇರಿಸ್ತೀವಿ. ಬೇಜಾರು ಮಾಡ್ಕೋಬೇಡಿ."

ಚೂಪಮ್ಮ ಲೆಕ್ಕ ಹಾಕಿದಳು. ಪಾಠ ನಿಂತರೆ ಬಾಡಿಗೆ ಕಟ್ಟುವುದು ಹೇಗೆ? ಬಾಡಿಗೆ ನಿಂತರೆ ಬಿಲ ಬಿಡಬೇಕು. ಬಿಲ ಬಿಟ್ಟರೆ ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು? ಪಾಪ, ಅವಳು ಸಹಾಯ ಕೇಳಿದ್ದು ಯಾರನ್ನು ಗೊತ್ತೇ? ನಾಜೂಕಯ್ಯನನ್ನೇ. ಅವನು ಮನೆಯ ಯಜಮಾನ, ತಿಳಿದವನು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವವನು. ಇಷ್ಟಿದ್ದರೆ ಆ ಕಾಡಿನಲ್ಲಿ ಪಂಡಿತನಾಗಲು ಸಾಕಾಗಿತ್ತು.

ನಾಜೂಕಯ್ಯ ಬಿಲಕ್ಕೆ ಬಂದು ತಂತಿಯ ನಾಡಿ ಹಿಡಿದು ನೋಡಿದ. ತಪ್ಪೆಲ್ಲ ಮುಳ್ಳಿನದು ಎಂದ. ಮುಳ್ಳು ಕಂಡರೆ ತಂತಿ ಹೆದರಿ ಮೆಲ್ಲಗೆ ಹೋಗುತ್ತದಂತೆ. ಚೂಪಮ್ಮ ಗೋಣಿಚೀಲ ಹೊದ್ದು ಪಾಠ ಮಾಡಿದಳು. ಬೆವರು ಹರಿಯಿತೇ ಹೊರತು ಪಾಠ ಹರಿಯಲಿಲ್ಲ. ಆಮೇಲೆ ಕಂಪ್ಯೂಟರ್ ತೆಂಕಣಕ್ಕೆ ಮುಖ ಮಾಡಿದೆ, ಅದು ಯಮನ ದಿಕ್ಕು ಎಂದ. ಮೂಡಣಕ್ಕೆ ತಿರುಗಿಸಿದಳು. ಆಮೇಲೆ ಆರಿಸಿ ಹಚ್ಚು ಎಂದ. ಆರಿಸಿದಳು, ಹಚ್ಚಿದಳು. ಇನ್ನೂ ಸ್ವಲ್ಪ ಭಕ್ತಿಯಿಂದ ಆರಿಸಬೇಕಿತ್ತು ಎಂದು ತಲೆಯಾಡಿಸಿದ. ಬಂದಾಗಲೆಲ್ಲ ಅವನಿಗೊಂದು ದಪ್ಪ ಏಡಿ ಕೊಡಬೇಕಾಗಿತ್ತು. ಹಳ್ಳಕ್ಕಿಳಿದು ಏಡಿ ಹಿಡಿದು ಹಿಡಿದು ಚೂಪಮ್ಮನ ಉಗುರೇ ಸವೆಯಿತು.

ಆದರೆ ಮಗ್ಗಿ ಕಲಿಸುವವಳು ಪೂರ್ತಿ ದಡ್ಡಿಯೇನಲ್ಲ. ಒಂದು ದಿನ ಬೇಸತ್ತು ಕಂಪ್ಯೂಟರನ್ನು ಹೊತ್ತುಕೊಂಡು ಕೆಂಚಪ್ಪನ ಅಂಗಡಿಗೇ ಹೋದಳು. ಗಿಡ್ಡ ತಂತಿಯೊಂದನ್ನು ನೇರವಾಗಿ ಪೆಟ್ಟಿಗೆಗೆ ಸಿಕ್ಕಿಸಿದಳು. ಕಂಪ್ಯೂಟರ್ ಜಿಂಕೆಯ ಹಾಗೆ ಓಡಿತು. ಅದನ್ನೇ ಬಿಲಕ್ಕೆ ತಂದು ಸಿಕ್ಕಿಸಿದರೆ ಮತ್ತೆ ಬಸವನಹುಳು. ಪೆಟ್ಟಿಗೆ ಸರಿಯಿದೆ, ಕಂಪ್ಯೂಟರ್ ಸರಿಯಿದೆ, ಹಾಗಾದರೆ ರೋಗ ಇರುವುದು ನಡುವೆ. ಮತ್ತೆ ಅಂಗಡಿಗೆ ಹೋಗಿ, ಅಲ್ಲಿಂದ ತಂತಿಯನ್ನು ಮೂಸುತ್ತಾ ಹಿಂದೆ ಬಂದಳು. ರಸ್ತೆಯಲ್ಲಿ ಎಲ್ಲೂ ಗಾಯವಿಲ್ಲ. ಬೇಲಿಯ ಬಳಿ ಎಲ್ಲೂ ಸೀಳಿಲ್ಲ. ಉಳಿದದ್ದು ಹುತ್ತವೊಂದೇ. ಅಗೆಯುವುದರಲ್ಲಿ ಮುಳ್ಳುಹಂದಿಯನ್ನು ಮೀರಿಸುವವರುಂಟೇ? ಕಾಲಿನಲ್ಲಿ ಒಮ್ಮೆ ಕೆರೆದಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ಅವಳು ಉಗುರು ಎತ್ತಿಯೂ ಆಗಿತ್ತು.

ಜಗಲಿಯಿಂದ ನಾಜೂಕಯ್ಯ ಹಾರಿ ಬಂದ. "ಅಯ್ಯೋ ಮುಟ್ಟಬ್ಯಾಡ ಕಣಮ್ಮ! ಹುತ್ತಕ್ಕೆ ಕೈ ಹಾಕ್ತಾರಾ? ಒಳಗೆ ನಾಗಪ್ಪ ಬಂದು ಕೂತವ್ನೆ. ಮೊನ್ನೆ ನನ್ನ ಕಣ್ಣಾರೆ ನೋಡಿದೀನಿ."

ಚೂಪಮ್ಮ ಎತ್ತಿದ ಕಾಲನ್ನು ಹಾಗೇ ಇಳಿಸಿ, ಗಲ್ಲ ಗಲ್ಲ ಬಡಿದುಕೊಂಡಳು. ಅವಳ ಅವ್ವ, ಅವಳ ಅಜ್ಜಿ, ಯಾರೂ ಹುತ್ತ ಅಗೆದವರಲ್ಲ. ನಾಜೂಕಯ್ಯನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಂದೇ ಹುತ್ತಕ್ಕೆ ಅರಿಶಿನ ಬಳಿದು ಕುಂಕುಮ ಇಟ್ಟ. ಮೇಲೊಂದು ದಾಸವಾಳದ ಹೂ ಸಿಕ್ಕಿಸಿದ. ನಿನ್ನ ತಂತಿ ನಾಗಪ್ಪನ ಮೈಮೇಲೆ ಹಾದುಹೋಗುತ್ತಿದೆ, ಅವನಿಗೆ ಸಿಟ್ಟು ಬಂದಿದೆ, ದಿನಾ ಒಂದು ಚಮಚ ಹಾಲೆರೆದರೆ ಮೆಲ್ಲಗೆ ಒಲಿಯುತ್ತಾನೆ ಎಂದು ಅಪ್ಪಣೆ ಕೊಟ್ಟ. ಕಳ್ಳನೇ ಪೂಜಾರಿಯಾದರೆ ದೇವರಾದರೂ ಏನು ಮಾಡಿಯಾನು? ಚೂಪಮ್ಮ ದಿನಾ ಮಿಂದು ಬಂದು ಒಂದು ಚಮಚ ಹಾಲೆರೆದು ಕೈ ಮುಗಿಯತೊಡಗಿದಳು. ಒಣ ಮಣ್ಣು ಆ ಚಮಚವನ್ನು ಮೇಲೆಯೇ ಕುಡಿದುಬಿಡುತ್ತಿತ್ತು.

ಹೀಗಿರುವಾಗ ಕಾಡಿನ ರಾಜ ಸಿಂಹ ಡಂಗುರ ಸಾರಿಸಿದ. ಎಲ್ಲರ ಮನೆಯ ತಂತಿಯನ್ನೂ ನೋಡಿಕೊಳ್ಳಲು ಒಬ್ಬ ತಂತಿಮಂತ್ರಿ ಬೇಕು. ಬೆಟ್ಟದ ಗುಹೆಯಿಂದಲೇ ಪರದೆಯಲ್ಲಿ ಪರೀಕ್ಷೆ ಮಾಡಿ ಆರಿಸುತ್ತೇನೆ. ಇದನ್ನು ಕೇಳಿ ನಾಜೂಕಯ್ಯನ ಬಾಲ ನೆಲದ ಮೇಲೆ ನಿಲ್ಲಲಿಲ್ಲ. ತಂತಿಯ ವಿಷಯದಲ್ಲಿ ತನ್ನಂಥ ತಿಳಿದವರು ಯಾರಿದ್ದಾರೆ ಎಂದು ಕಾಡೆಲ್ಲ ಹೇಳಿಕೊಂಡು ಬಂದ. ಹುಣ್ಣಿಮೆಯ ದಿನ ಪರೀಕ್ಷೆಯೆಂದು ಗೊತ್ತಾಯಿತು. ತಾನು ಮಂತ್ರಿಯಾಗುವುದನ್ನು ಎಲ್ಲರೂ ಕಣ್ತುಂಬ ನೋಡಲಿ ಎಂದು ಜಗಲಿಗೆ ಊರನ್ನೇ ಕರೆದ.

ಒಂದೇ ಚಿಂತೆ ಅವನನ್ನು ಕಾಡಿತು. ಆ ಹೊತ್ತಿನಲ್ಲಿ ಚೂಪಮ್ಮ ಪಾಠ ಹಚ್ಚಿದರೆ ತನ್ನ ಮುಖ ಪರದೆಯಲ್ಲಿ ತೊದಲುತ್ತದೆ. ಇಡೀ ತಂತಿ ತನಗೊಬ್ಬನಿಗೇ ಬೇಕು. ಬೆಳಿಗ್ಗೆಯೇ ಬಿಲಕ್ಕೆ ಹೋಗಿ ಬಾಯಲ್ಲಿ ಬೆಲ್ಲ ಇಟ್ಟುಕೊಂಡವನಂತೆ ಮಾತಾಡಿದ.

"ನೋಡಮ್ಮ ಚೂಪಮ್ಮ, ಇವತ್ತು ಹುಣ್ಣಿಮೆ, ನಾಗಪ್ಪ ಒಲಿಯೋ ದಿನ. ಸೂರ್ಯ ನೆತ್ತಿಗೆ ಬಂದಾಗ ಕಂಪ್ಯೂಟರ್ ಮುಟ್ಟಬ್ಯಾಡ. ಹುತ್ತದ ಹತ್ರ ಕೂತು ಹಾಲೆರಿ."

"ಎಷ್ಟು ಎರೀಲಿ ಯಜಮಾನ್ರೇ? ನಾಳೇನೇ ಎಲ್ಲಾ ಪಾಠ ನೋಡೋಕೆ ಬರ್ತಾರೆ."

ನಾಜೂಕಯ್ಯನ ಮನಸ್ಸು ಆಗಲೇ ಮಂತ್ರಿಯ ಪೇಟ ಸುತ್ತಿಕೊಳ್ಳುತ್ತಿತ್ತು. "ಎಷ್ಟು ಎರೀತೀಯೋ ಅಷ್ಟು ವೇಗ" ಎಂದುಬಿಟ್ಟು ಹೊರಟ.

ಸೂರ್ಯ ನೆತ್ತಿಗೆ ಬಂದ. ಜಗಲಿಯ ತುಂಬ ಪ್ರಾಣಿಗಳು. ಪರದೆಯಲ್ಲಿ ಸಿಂಹ ಮೂಡಿದ. ನಾಜೂಕಯ್ಯ ಮೀಸೆಗೆ ಎಣ್ಣೆ ಸವರಿಕೊಂಡು ಕೂತಿದ್ದ. ಅತ್ತ ಅಂಗಳದಲ್ಲಿ ಚೂಪಮ್ಮ ಕಾಡೆಮ್ಮೆಯ ಹತ್ತಿರ ಬೇಡಿ ತಂದ ಒಂದು ಕೊಡ ಹಾಲನ್ನು ಇಳಿಸಿ ಕೂತಳು. ನಾಳೆಯ ದಿನ ನೆನೆದು ಅವಳ ಕಣ್ಣು ತುಂಬಿತ್ತು. ನಾಗಪ್ಪಾ, ನನ್ನ ಬಿಲ ಉಳಿಸು ಎಂದು ಬೇಡಿಕೊಂಡು ಕೊಡವನ್ನು ಬಗ್ಗಿಸಿದಳು.

ಸಿಂಹ ಮೊದಲ ಪ್ರಶ್ನೆ ಕೇಳಿದ. ಬಡವರ ಮನೆಯ ತಂತಿ ನಿಧಾನವಾದರೆ ನೀನು ಮೊದಲು ಏನು ಮಾಡುತ್ತೀಯ?

ನಾಜೂಕಯ್ಯ ಗಂಟಲು ಸರಿಮಾಡಿಕೊಂಡ. ಬಾಯಿ ಅಗಲವಾಗಿ ತೆರೆದ. ಅಷ್ಟರಲ್ಲಿ ಹಾಲು ಹುತ್ತದ ತಳಕ್ಕಿಳಿದು ಡಬ್ಬಿಯೊಳಗೆ ಹೊಕ್ಕಿತು. ಚಟ್ ಎಂದು ಸದ್ದಾಯಿತು, ಸಣ್ಣಗೆ ಹೊಗೆ ಬಂತು. ಸಿಂಹನ ಪರದೆಯಲ್ಲಿ ನಾಜೂಕಯ್ಯ ಒಂದು ಕಣ್ಣು ಮುಚ್ಚಿ, ನಾಲಿಗೆ ಚಾಚಿ, ಬಾಯಿ ತೆರೆದುಕೊಂಡು ನಿಂತುಬಿಟ್ಟ. ರಾಜ ಕಾದ. ಮತ್ತೆ ಕಾದ. ಇವನು ರಾಜನ ಮುಂದೆ ಆಕಳಿಸುತ್ತಾ ಕಣ್ಣು ಹೊಡೆಯುತ್ತಿದ್ದಾನೆ ಎಂದುಕೊಂಡು, ಇವನ ಹೆಸರು ಹೊಡೆದುಹಾಕಿ ಎಂದ.

ಇತ್ತ ಜಗಲಿಯಲ್ಲಿ ಪರದೆ ಕಪ್ಪಾಗಿತ್ತು. ನಾಜೂಕಯ್ಯನಿಗೆ ಮೈಮೇಲೆ ಪ್ರಜ್ಞೆ ಉಳಿಯಲಿಲ್ಲ. ಅಂಗಳಕ್ಕೆ ಓಡಿದ. ಕುಂಕುಮ ನೋಡಲಿಲ್ಲ, ಅರಿಶಿನ ನೋಡಲಿಲ್ಲ, ಎರಡೂ ಕೈಯಿಂದ ಹುತ್ತ ಬಗೆಯತೊಡಗಿದ. ಊರೆಲ್ಲ ಅವನ ಹಿಂದೆ ಓಡಿ ಬಂತು.

ಚೂಪಮ್ಮ ಗಾಬರಿಯಿಂದ ಅಡ್ಡ ಬಂದಳು. "ಬ್ಯಾಡಿ ಯಜಮಾನ್ರೇ, ಕೈ ಹಾಕಬ್ಯಾಡಿ. ಒಳಗೆ ನಾಗಪ್ಪ ಅವ್ನೆ, ಕಚ್ಚಿಬಿಡ್ತಾನೆ."

"ಯಾವ ನಾಗಪ್ಪನೂ ಇಲ್ಲ, ಗೀಗಪ್ಪನೂ ಇಲ್ಲ, ಬಿಡೇ ಅತ್ತ! ಒಳಗಿರೋದು ನನ್ನ ಡಬ್ಬಿ."

ನಾಜೂಕಯ್ಯನ ಕೈಯಲ್ಲಿ ಹಾಲು ತೊಟ್ಟಿಕ್ಕುವ ಡಬ್ಬಿ ನೇತಾಡುತ್ತಿತ್ತು. ಅದರಿಂದ ಹೊರಟ ಒಂದು ತಂತಿ ಬಿಲದ ಕಡೆ, ಇನ್ನೊಂದು ಅವನ ಹಾಸಿಗೆಯ ಕಡೆ. ಕೆಂಚಪ್ಪ ಎರಡನೆಯ ತಂತಿಯನ್ನು ಕೈಯಲ್ಲಿ ಹಿಡಿದು ನಡೆಯುತ್ತಾ ಹೋಗಿ, ನರಿಯ ದಿಂಬಿನ ಅಡಿಯಲ್ಲಿ ಹಾದು ಪರದೆ ಸೇರಿದ್ದ ಅದರ ತುದಿಯನ್ನು ಎಳೆದು ತಂದ. ಗಾಳಿಯಲ್ಲಿ ಬರೋದು ಇದೇನಾ ಎಂದು ಕೇಳಿದ. ನಾಜೂಕಯ್ಯ ಗಂಟಲು ಸರಿಮಾಡಿಕೊಂಡ. ಆಮೇಲೆ ಡಬ್ಬಿಯ ಹಾಲನ್ನು ಬಾಲದಿಂದ ಒರೆಸತೊಡಗಿದ.

ಚೂಪಮ್ಮ ಡಬ್ಬಿಯನ್ನು ನೋಡಿದಳು. ಖಾಲಿ ಕೊಡವನ್ನು ನೋಡಿದಳು. ಸವೆದ ಉಗುರು, ಗೋಣಿಚೀಲ, ಏಡಿ, ಕೈ ಮುಗಿದ ಬೆಳಗುಗಳು, ಎಲ್ಲ ನೆನಪಾಯಿತು. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೂ ಬೈಯಲಿಲ್ಲ. ಸುಮ್ಮನೆ ನರಿಗೆ ಬೆನ್ನು ತಿರುಗಿಸಿದಳು. ಮುಳ್ಳುಹಂದಿ ಬೆನ್ನು ತಿರುಗಿಸುವುದು ಹೊರಟು ಹೋಗಲು ಅಲ್ಲ ಎಂದು ನಾಜೂಕಯ್ಯನಿಗೆ ನೆನಪಾಗುವಷ್ಟರಲ್ಲಿ, ಅವಳು ಮುಳ್ಳು ನೆಟ್ಟಗೆ ಮಾಡಿಕೊಂಡು ಹಿಂದಕ್ಕೆ ನುಗ್ಗಿದ್ದಳು. ಅವನು ಓಡಲೆಂದು ತಿರುಗಿದ. ತಿರುಗಬಾರದಿತ್ತು. ಆಮೇಲೆ ಬಹಳ ಕಾಲ ನಾಜೂಕಯ್ಯ ನಿಂತೇ ಊಟ ಮಾಡಿದ.

ಕೆಂಚಪ್ಪ ಹಾಳಾದ ಡಬ್ಬಿಯನ್ನು ತಿಪ್ಪೆಗೆ ಎಸೆದು, ಅಂಗಡಿಯಿಂದ ಬಿಲದ ತನಕ ಹೊಸ ಕೇಬಲ್ ಎಳೆಸಿದ. ಅಷ್ಟು ದಿನ ಗಾಳಿಯ ಮಾತನ್ನು ನಂಬಿದ್ದಕ್ಕೆ ಅವನಿಗೂ ನಾಚಿಕೆಯಾಗಿತ್ತು. ಮಾರನೇ ದಿನ ಎಲ್ಲರೂ ಪಾಠ ನೋಡಲು ಕೂತರು. ಚೂಪಮ್ಮ ಪರದೆಗೆ ಮುಖ ತೋರಿಸಿ, "ಎರಡು ಮೂರ್ಲಿ?" ಎಂದಳು. ಮಾತು ಮುಗಿಯುವ ಮೊದಲೇ ಮರಿಗಳೆಲ್ಲ "ಎಂಟು" ಎಂದು ಒಟ್ಟಿಗೆ ಕೂಗಿದವು. ಪಾಪ, ಅವು ಕಲಿತದ್ದೇ ಹಾಗೆ. ಚೂಪಮ್ಮ ನಕ್ಕು, ಮೊದಲಿನಿಂದ ಶುರು ಮಾಡೋಣ ಎಂದಳು. ಸಂಜೆಯ ಹೊತ್ತಿಗೆ ಅದು ಆರಾಯಿತು. ಗಿಳಿಯ ಮಾತನ್ನು ಯಾರೂ ಎತ್ತಲಿಲ್ಲ. ಬಿಲ ಉಳಿಯಿತು.

ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೂ, ಆ ಕಾಡಿನಲ್ಲಿ ತಂತಿ ನಿಧಾನವಾದರೆ ಕೆಲವರು ಇವತ್ತಿಗೂ ಆ ಹುತ್ತಕ್ಕೆ ಹಾಲೆರೆದು ಹೋಗುತ್ತಾರಂತೆ. ಎಲ್ಲೋ ಇನ್ನೊಂದು ನರಿ ಅದನ್ನು ನೋಡಿ ಮೀಸೆಗೆ ಎಣ್ಣೆ ಸವರಿಕೊಳ್ಳುತ್ತಿರಬೇಕು.

ನೀತಿ: ಕೈ ಹಾಕಬೇಡ ಎಂದು ಹೆದರಿಸಿದ ಜಾಗದಲ್ಲೇ ಮೊದಲು ಹುಡುಕಬೇಕು. ಇಲ್ಲದ ದೇವರನ್ನು ತೋರಿಸಿ ಕಳವು ಮುಚ್ಚಿದವನ ಬಂಡವಾಳ ಅವನ ಕೈಯಿಂದಲೇ ಬಯಲಾಗುತ್ತದೆ.