ಗಡಿಯಲ್ಲಿ ನಿಂತ ಹೊಂಗೆಮರ

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಬಂಡೆಗಳೇ ಎದ್ದು ನೆರಳು ಹುಡುಕಿಕೊಂಡು ಹೋಗುತ್ತಿದ್ದವು. ನಂಬಿ, ನನಗೆ ಸುಳ್ಳು ಹೇಳಲು ಬರುವುದೇ ಇಲ್ಲ. ಅಲ್ಲಿ ಸೂಜವ್ವ ಎಂಬ ಮುಳ್ಳುಹಂದಿ, ನುಣ್ಣಪ್ಪ ಎಂಬ ನರಿ ಅಕ್ಕಪಕ್ಕದ ಬಿಲಗಳಲ್ಲಿದ್ದರು. ಬಿಲ ಬಾಣಲೆಯಂತೆ ಕಾದು ಸೂಜವ್ವನ ಮರಿಗಳು ಸೊರಗುತ್ತಿದ್ದವು. ಅದಕ್ಕೇ ಅವಳು ಎರಡು ಅಂಗಳಗಳ ನಡುವೆ ಹೊಂಗೆ ಸಸಿ ನೆಟ್ಟಳು.

“ನರಿಯಣ್ಣ, ಬೇರು ಆಳಕ್ಕೆ ಇಳಿದ ಮೇಲೆ ಇದು ನೀರು ಕೇಳುವುದಿಲ್ಲ. ಅಲ್ಲಿಯವರೆಗೆ ನೀನೂ ದಿನಕ್ಕೊಂದು ಸೋರೆಬುರುಡೆ ನೀರು ಹಾಕು.”

“ಸಸಿ ನಿನ್ನ ಕಡೆಗೇ ಇದೆಯಲ್ಲ ತಾಯಿ,” ಎಂದು ನುಣ್ಣಪ್ಪ ಆಕಳಿಸಿದ.

ಸೂಜವ್ವ ಒಬ್ಬಳೇ ಹಳ್ಳದಿಂದ ನೀರು ಹೊತ್ತಳು. ವರ್ಷಗಳು ಕಳೆದು ಮರ ಕೊಡೆಯಂತೆ ಹರಡಿತು. ನುಣ್ಣಪ್ಪ ಬಂದು ನೆರಳಿನ ನಟ್ಟನಡುವೆ ಕಾಲು ಚಾಚಿ ಮಲಗಿದ.

“ಮರಿಗಳಿಗೆ ಜಾಗ ಬಿಡಪ್ಪ.”

“ಮರ ನನ್ನದು. ಬೇರುಗಳೆಲ್ಲ ನನ್ನ ಕಡೆಗೇ ಓಡಿವೆ, ನೋಡು.”

ಸಂಜೆ ಗಾಳಿಗೆ ಒಣಕೊಂಬೆಯೊಂದು ಅವನ ಬಾಲದ ಮೇಲೆ ಬಿತ್ತು. “ಸೂಜವ್ವ, ನಿನ್ನ ಮರಕ್ಕೆ ಸ್ವಲ್ಪ ಬುದ್ಧಿ ಹೇಳು!”

ಸೂಜವ್ವ ತಲೆ ಚಚ್ಚಿಕೊಂಡಳು. “ಈ ಮರಕ್ಕೇನು ಕಾಲಿದೆಯಾ ನರಿಯಣ್ಣ? ಬೆಳಿಗ್ಗೆ ನಿನ್ನ ಕಡೆ, ಸಂಜೆ ನನ್ನ ಕಡೆ ಓಡಾಡುವುದಕ್ಕೆ?”

ಚಳಿ ಮುಗಿಯುವಾಗ ಮರ ಮೊದಲ ಸಲ ಎಲೆಯನ್ನೆಲ್ಲ ಒಟ್ಟಿಗೇ ಉದುರಿಸಿ ಬೋಳಾಗಿ ನಿಂತಿತು. ನರಿಯ ಬಾಗಿಲಲ್ಲಿ ತರಗೆಲೆ ರಾಶಿ ಬಿತ್ತು. ಮರ ಸತ್ತೇ ಹೋಯಿತು ಎಂದುಕೊಂಡ ನುಣ್ಣಪ್ಪ, ಕಾಡಿನ ಹಿರಿಯರಾದ ಕರಡಿ ಗೌಡರ ಬಳಿಗೆ ಓಡಿದ.

“ಗೌಡರೇ, ಸೂಜವ್ವನ ಮರ ಸತ್ತಿದೆ. ಅವಳೇ ಕಡಿದು, ಕಸ ಗುಡಿಸಬೇಕು.”

“ಮರ ಅವಳದೇ ತಾನೇ?”

“ಅವಳದೇ. ನೆಟ್ಟವಳು ಅವಳು, ನೀರು ಹೊತ್ತವಳು ಅವಳು. ನನ್ನದು ಒಂದು ಎಲೆಯೂ ಇಲ್ಲ!”

ಸಾಲದೆಂದು ಬಂಡೆ ಹತ್ತಿ ಅದನ್ನೇ ಇಡೀ ಕಾಡಿಗೆ ಕೇಳುವಂತೆ ಕೂಗಿದ. ಕೂಗಿ ಕೂಗಿ ಗಿಳಿಗಳಿಗೂ ಬಾಯಿಪಾಠವಾಯಿತು.

ಗೌಡರು ಬಂದು ಕೇಳಿದಾಗ “ಮರ ನನ್ನದೇ ಗೌಡರೇ,” ಎಂದಷ್ಟೇ ಹೇಳಿದ ಸೂಜವ್ವ, ತರಗೆಲೆಯನ್ನು ಗುಡಿಸಿ ಮರದ ಬುಡದ ಸುತ್ತ ಹಾಸಿದಳು. ಕೊಡಲಿ ಮುಟ್ಟಲಿಲ್ಲ.

ಕೆಲವೇ ದಿನಗಳಲ್ಲಿ ಹೊಂಗೆ ಚಿಗುರಿತು. ಬಂಡೆಗಳು ನೆರಳು ಹುಡುಕಿ ಹೊರಡುವಷ್ಟರಲ್ಲಿ ಅದರ ಕೆಳಗೆ ಗಾಢ ನೆರಳು. ಮರಿಗಳು ಅಲ್ಲೇ ಉರುಳಾಡಿದವು. ನುಣ್ಣಪ್ಪ ನಾಲಿಗೆ ಚಾಚಿಕೊಂಡು ಬಂದ.

“ಸ್ವಲ್ಪ ಸರಿಯಮ್ಮ.”

ಸೂಜವ್ವ ಮುಳ್ಳು ನಿಮಿರಿಸಿ ನಿಂತಳು. “ಮರ ಯಾರದು ನರಿಯಣ್ಣ?”

ಅವನು ಬಾಯಿ ತೆರೆಯುವ ಮೊದಲೇ ಕೊಂಬೆಯ ಮೇಲಿನ ಗಿಳಿಗಳು ಅವನದೇ ದನಿಯಲ್ಲಿ ಕೂಗಿದವು: “ನನ್ನದು ಒಂದು ಎಲೆಯೂ ಇಲ್ಲ!”

ಸೂಜವ್ವ ಒಂದು ಹೊಂಗೆಕಾಯಿ ಆರಿಸಿ ಅವನ ಮುಂದೆ ಇಟ್ಟಳು. “ತಗೋ. ಮಳೆ ಬಂದಾಗ ನಿನ್ನ ಅಂಗಳದ ನಟ್ಟನಡುವೆ ಹಾಕು. ಯಾರ ಕಡೆ ಎಂಬ ತಕರಾರೇ ಬೇಡ.”

ನುಣ್ಣಪ್ಪ ಇಂದಿಗೂ ಬಿಸಿಲಲ್ಲಿ ಬುರುಡೆ ಹೊತ್ತು ಹಳ್ಳಕ್ಕೆ ಹೋಗಿಬರುತ್ತಿದ್ದಾನೆ.

ನೀತಿ: ನೀರು ಹೊರುವಾಗಲೂ ಎಲೆ ಗುಡಿಸುವಾಗಲೂ ಬೇಡವಾದ ಮರ, ನೆರಳಿನ ಹೊತ್ತಿಗೆ ನಮ್ಮದಾಗುವುದಿಲ್ಲ.